ಇಂಜಿನ್ ತಣ್ಣಗಾಗುವವರೆಗೆ

ಕಳೆದ ತಿಂಗಳು ನಮ್ಮ ಕಾರು ಕೋರ ದಾಟಿ ಒಂದು ಮೈಲಿ ಹೋಗುವಷ್ಟರಲ್ಲಿ ಹೊಗೆಯಾಡಿ ನಿಂತುಬಿಟ್ಟಿತು. ಹೊಗೆಯಲ್ಲ, ಆವಿ ಎಂದು ನಾನು ತಿದ್ದಿದೆ. ಬಾನೆಟ್ ಎತ್ತಿ ಹಿಂದಕ್ಕೆ ಹಾರಿದ್ದ ನಮ್ಮ ಯಜಮಾನರು ಅದು ಹೊಗೆಯೋ ಆವಿಯೋ ಎಂಬ ಚರ್ಚೆಗೆ ತಯಾರಿರಲಿಲ್ಲ. ಕಾರನ್ನು ಎಳೆಸಿಕೊಂಡು ಹೋಗಿ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಬಿಟ್ಟು, ಬಸ್ಸು ಹತ್ತಿ ಮರಳೂರಿನ ಮನೆಗೆ ಬಂದೆವು.

ಮೂರನೆಯ ದಿನ ನೋಡಲು ಹೋದಾಗ ಇಂಜಿನ್ನಿನ ತಲೆ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ನಾನು ಬಾಗಿಲಲ್ಲೇ ನಿಂತೆ. ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣ, ಸುಟ್ಟ ಆಯಿಲ್, ಅದರ ಮೇಲೆ ಈಗತಾನೇ ಪೊಟ್ಟಣ ಹರಿದು ತೆಗೆದ ಹೊಸ ಗ್ಯಾಸ್ಕೆಟ್. ಈ ಮೂರೂ ಸೇರಿದ ವಾಸನೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತು! ಗ್ಯಾಸ್ಕೆಟ್ ಎಂದರೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೂ ನಷ್ಟವಿಲ್ಲ: ಇಂಜಿನ್ನಿನ ಒಡಲಿಗೂ ತಲೆಗೂ ನಡುವೆ ಕೂರಿಸುವ ತೆಳುವಾದ ಹಾಳೆ. ಒಳಗಿನ ಬೆಂಕಿ, ನೀರು, ಎಣ್ಣೆ ಒಂದಕ್ಕೊಂದು ಸೇರದ ಹಾಗೆ ಅದು ತಡೆಯುತ್ತದೆ. ಮೇಲಿನ ಬೋಲ್ಟುಗಳನ್ನು ಸರಿಯಾಗಿ ಬಿಗಿ ಮಾಡಿದರೆ ಮಾತ್ರ ತಡೆಯುತ್ತದೆ.

ಮೆಕ್ಯಾನಿಕ್ ಏನೋ ವಿವರಿಸುತ್ತಿದ್ದ. ಯಜಮಾನರು ಅರ್ಥವಾದವರ ಹಾಗೆ ತಲೆಯಾಡಿಸುತ್ತಿದ್ದರು. ನಡುವೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಬಿಗಿ ಮಾಡಿ, ಒಂದ್ಸಲ ಇಂಜಿನ್ ಬಿಸಿ ಮಾಡಿ, ಪೂರ್ತಿ ತಣ್ಣಗಾದ್ಮೇಲೆ ಇನ್ನೊಂದು ಸುತ್ತು ಬಿಗಿ ಮಾಡ್ತೀರಲ್ವಾ?"

ಮೆಕ್ಯಾನಿಕ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯೋ ಆಂಟಿ, ಅದೆಲ್ಲ ಹಳೇ ಕಾಲದ್ದು. ಈಗಿನ ಬೋಲ್ಟೇ ಬೇರೆ. ಇಷ್ಟು ಬಿಗಿ, ಆಮೇಲೆ ಇಷ್ಟು ಡಿಗ್ರಿ ತಿರುಗ್ಸದು, ಮುಗೀತು. ಮತ್ತೆ ಮುಟ್ಟೋ ಹಂಗೇ ಇಲ್ಲ. ಕಾಯೋ ಕೆಲ್ಸನೇ ಇಲ್ಲ ಈಗ."

ಕಾಯುವ ಕೆಲಸವೇ ಇಲ್ಲ. ಅವನು ಅದನ್ನು ಸಂತೋಷದ ಸುದ್ದಿಯ ಹಾಗೆ ಹೇಳಿದ. ನಾನು ಆ ಹೊಸ ಗ್ಯಾಸ್ಕೆಟ್ಟನ್ನು ಒಮ್ಮೆ ಮುಟ್ಟಿ ನೋಡಿದೆ.

ಹೊರಗೆ ಬಂದ ಮೇಲೆ ಯಜಮಾನರು ಕೇಳಿದರು. "ಇದೆಲ್ಲ ನಿಂಗೆ ಯಾರು ಹೇಳ್ಕೊಟ್ರು?"

"ಎಲ್ಲೋ ಓದಿದ್ದೆ" ಎಂದೆ. ಅದು ಸುಳ್ಳಲ್ಲ. ಓದಿದ್ದೆ, ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದ್ದೆ. ಯಾರಿಗೆ ಎಂಬುದನ್ನು ಮಾತ್ರ ಇಷ್ಟು ವರ್ಷದಲ್ಲಿ ಇವರಿಗೆ ಹೇಳಿರಲಿಲ್ಲ. ಮುಚ್ಚಿಡುವಂಥದ್ದೇನೂ ಅದರಲ್ಲಿ ಇರಲಿಲ್ಲ. ನೀವೇ ಕೇಳಿ, ಏನಾದರೂ ಇದೆಯೋ ಇಲ್ಲವೋ ಆಮೇಲೆ ತೀರ್ಮಾನಿಸಿ.

ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ಕಾಲ. ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಗುರುಸಿದ್ದಪ್ಪನವರದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು. ಅವರು ನಮ್ಮ ತಂದೆಗೆ ಪರಿಚಯದವರು. ಹಣೆತುಂಬ ವಿಭೂತಿ, ಮೃದು ಮಾತು. ಅಂಗಡಿಗೆ ಬರುವ ಮೆಕ್ಯಾನಿಕ್‌ಗಳ ಬಾಯಿ ಮಾತ್ರ ಅಷ್ಟು ಮೃದುವಲ್ಲ. ಒಂದು ಬೇರಿಂಗ್ ಕೇಳುವುದಕ್ಕೆ ಮೊದಲು ಆ ಬೇರಿಂಗಿನ ಅಮ್ಮ, ಅಕ್ಕ, ಇಡೀ ವಂಶವನ್ನು ನೆನೆಯುತ್ತಿದ್ದರು. ಗುರುಸಿದ್ದಪ್ಪನವರಿಗೆ ಒಂದು ಉಪಾಯ ಹೊಳೆಯಿತು. ಕೌಂಟರಿನಲ್ಲಿ ಓದಿದ ಹುಡುಗಿಯೊಬ್ಬಳನ್ನು ಕೂರಿಸಿದರೆ ಇವರ ನಾಲಿಗೆಗೆ ಕಡಿವಾಣ ಬೀಳುತ್ತದೆ ಎಂದು. ಹೀಗೆ ನನಗೆ ಕೆಲಸ ಸಿಕ್ಕಿತು. ಇಂಗ್ಲಿಷ್ ಓದಲು ಬರುತ್ತದೆ ಎಂಬುದು ನನ್ನ ಎರಡನೆಯ ಅರ್ಹತೆ.

ಉಪಾಯ ಫಲಿಸಿತು. ಮೊದಲ ವಾರ ನನ್ನನ್ನು ಕಂಡ ಮೆಕ್ಯಾನಿಕ್‌ಗಳು ಬಾಯಿ ತೆರೆದು, ಬೈಗುಳ ನುಂಗಿಕೊಂಡು, ಕೊನೆಗೆ ತಮಗೆ ಏನು ಬೇಕೆಂಬುದನ್ನೇ ಮರೆತು ಹೊರಟುಹೋಗುತ್ತಿದ್ದರು. ನಾನು ಭೌತಶಾಸ್ತ್ರ ಓದಿದವಳು. ಟಾರ್ಕ್ ಎಂದರೇನು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ: ಬಲವನ್ನು ಲಂಬ ದೂರದಿಂದ ಗುಣಿಸಬೇಕು. ಆದರೆ ಒಂದೇ ಒಂದು ನಟ್ಟನ್ನು ಕೈಯಾರೆ ತಿರುಗಿಸಿದವಳಲ್ಲ. ಮನೆಯ ಉಪ್ಪಿನಕಾಯಿ ಬಾಟಲಿ ಬಿಚ್ಚಲು ಅಪ್ಪನನ್ನು ಕರೆಯುತ್ತಿದ್ದೆ.

ಗುಬ್ಬಿಯಿಂದ ಸೋಮವಾರ, ಗುರುವಾರ ಬರುತ್ತಿದ್ದವರು ಮಹಲಿಂಗಪ್ಪ. ಎಲ್ಲರ ಬಾಯಲ್ಲೂ ಮಾಲಿಂಗ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಅಂಗಡಿ ಹತ್ತುವ ಮೊದಲು ಬೀದಿಯ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬರುತ್ತಿದ್ದ ಮೆಕ್ಯಾನಿಕ್ ಅವರೊಬ್ಬರೇ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದೆ, ಕೈಗಳನ್ನು ಕೌಂಟರಿನ ಕೆಳಗೇ ಇಟ್ಟುಕೊಂಡು ಮಾತಾಡುತ್ತಿದ್ದರು. ಅವರು ಬೈಗುಳ ನುಂಗಿದ್ದನ್ನು ನಾನು ನೋಡಲಿಲ್ಲ. ಬಹುಶಃ ಮೊದಲಿಂದಲೂ ಬೈಯುವವರಲ್ಲ.

ಒಂದು ಸೋಮವಾರ ಅವರು ಕೈ ತೊಳೆಯದೆ ಬಂದರು. ಎರಡು ಸುಟ್ಟ ಗ್ಯಾಸ್ಕೆಟ್‌ಗಳನ್ನು ಕೌಂಟರಿನ ಮೇಲೆ ಇಟ್ಟರು.

"ನಿಮ್ ಗ್ಯಾಸ್ಕೆಟ್ ಸರಿ ಇಲ್ಲ ಮೇಡಂ. ಎರಡೆರಡು ಸಲ ಹೋಗ್ಬುಡ್ತು."

ನಡೆದದ್ದು ಇಷ್ಟು. ತಿಮ್ಮಯ್ಯ ಎಂಬ ರೈತನ ಟ್ರ್ಯಾಕ್ಟರಿನ ಇಂಜಿನ್ನನ್ನು ಇವರು ಪೂರ್ತಿ ಬಿಚ್ಚಿ ಕಟ್ಟಿದ್ದರು. ಗ್ಯಾಸ್ಕೆಟ್ ಮೊದಲ ಸಲ ನಾಲ್ಕು ದಿನಕ್ಕೆ ಹೋಯಿತು, ಎರಡನೆಯ ಸಲ ಎರಡೇ ದಿನಕ್ಕೆ. ಮಳೆ ಬಿದ್ದು ರಾಗಿ ಬಿತ್ತನೆಗೆ ಊರೆಲ್ಲ ಹೊಲ ಉಳುತ್ತಿರುವಾಗ ತಿಮ್ಮಯ್ಯನ ಟ್ರ್ಯಾಕ್ಟರು ಶೆಡ್ಡಿನಲ್ಲಿ ತಲೆ ಬಿಚ್ಚಿಕೊಂಡು ಕೂತಿತ್ತು. ಇನ್ನೊಂದು ಸಲ ಹೋದರೆ ಬೇರೆ ಕಡೆ ಎಳೆದುಕೊಂಡು ಹೋಗುತ್ತೇನೆ ಎಂದು ತಿಮ್ಮಯ್ಯ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ಕೂಗಾಡಿದ್ದ. ಗುಬ್ಬಿಯಂಥ ಊರಿನಲ್ಲಿ ಮೆಕ್ಯಾನಿಕ್ಕಿನ ಹೆಸರು ಹೋಗಲು ಅಷ್ಟು ಸಾಕು.

ನಾನು ಹೊಸ ಗ್ಯಾಸ್ಕೆಟ್ ತೆಗೆದು ಪೊಟ್ಟಣ ಬಿಡಿಸಿದೆ. ಒಳಗೆ ನಾಲ್ಕು ಮಡಿಕೆಯ ಒಂದು ಇಂಗ್ಲಿಷ್ ಚೀಟಿ ಇತ್ತು.

"ಇದನ್ನ ನೋಡಿದ್ರಾ?"

"ಅದು ಎಲ್ಲಾದ್ರಲ್ಲೂ ಇರ್ತದೆ. ಕೈ ಒರೆಸ್ಕೊಳ್ಳಕ್ಕೆ ಚೆನ್ನಾಗಿರ್ತದೆ."

ನಾನು ಓದಿದೆ. ಹದಿನಾಲ್ಕು ಬೋಲ್ಟು. ನಡುವಿನಿಂದ ಶುರುಮಾಡಿ ಆ ಕಡೆ ಒಂದು, ಈ ಕಡೆ ಒಂದು ಎಂದು ಹೊರಗೆ ಹೋಗಬೇಕು. ಒಂದೇ ಸಲಕ್ಕೆ ಬಿಗಿ ಮಾಡಬಾರದು, ಮೂರು ಸುತ್ತಿನಲ್ಲಿ ಬಿಗಿಯ ಅಳತೆ ಮೂವತ್ತು, ಅರವತ್ತು, ತೊಂಬತ್ತು. ಬೋಲ್ಟು ಇಳಿಯುವ ತೂತುಗಳಲ್ಲಿ ನೀರು, ಎಣ್ಣೆ, ಕಸ ಇರಬಾರದು. ಆಮೇಲೆ ಇಂಜಿನ್ ಓಡಿಸಿ ಬಿಸಿಮಾಡಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಅದೇ ಕ್ರಮದಲ್ಲಿ ಮತ್ತೊಂದು ಸುತ್ತು.

ಮಹಲಿಂಗಪ್ಪ ಕೇಳಿಸಿಕೊಳ್ಳುತ್ತ ನಿಂತರು. ಅವರ ಕಿವಿ ಕೆಂಪಾಯಿತು. "ನಮ್ ಮೇಸ್ತ್ರಿ ಕೈಲೇ ಗೊತ್ತಾಗ್ತದೆ ಅನ್ನೋರು. ಭುಜ ಸಾಕು ಅಂದಾಗ ನಿಲ್ಸದು. ಇಲ್ಲಿವರ್ಗೂ ನಡ್ಕಂಡೇ ಬಂತು" ಎಂದರು. ಸುಟ್ಟ ಗ್ಯಾಸ್ಕೆಟ್‌ಗಳನ್ನು ತಮ್ಮ ಕಡೆ ಎಳೆದುಕೊಂಡು, "ನಾನು ಒಂದು ತುದಿಯಿಂದ ಶುರು ಮಾಡ್ತಿದ್ದೆ" ಎಂದರು. ಅದನ್ನು ಒಪ್ಪಿಕೊಳ್ಳಲು ಅವರಿಗೆ ಕಷ್ಟವಾಯಿತು ಎಂಬುದು ನನಗೆ ಕಂಡಿತು. ಆ ಕ್ಷಣದಲ್ಲೇ ಇರಬೇಕು, ನಾನು ಒಂದು ಹುಚ್ಚು ಕೆಲಸ ಮಾಡಿದ್ದು.

ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ಟಾರ್ಕ್ ರೆಂಚ್ ಇತ್ತು. ಮೊಳದುದ್ದದ ಸ್ಪ್ಯಾನರ್. ಎಷ್ಟು ಬಿಗಿಯಾಗಬೇಕೋ ಅಷ್ಟಕ್ಕೆ ಹಿಡಿಯ ಮೇಲಿನ ಅಂಕಿ ಕೂರಿಸಿದರೆ, ಅಷ್ಟಾದ ಕೂಡಲೇ ಅದು ಕಟ್ ಎಂದು ಸದ್ದು ಮಾಡುತ್ತದೆ. ಯಾರೂ ಕೊಳ್ಳುತ್ತಿರಲಿಲ್ಲ. ಗುರುಸಿದ್ದಪ್ಪನವರು ಅದಕ್ಕೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿ ವಾಪಸ್ ಇಡುತ್ತಿದ್ದರು. ಅವತ್ತು ಅವರು ಮಠಕ್ಕೆ ಹೋಗಿದ್ದರು. ನಾನು ಕಪಾಟಿನ ಬೀಗ ತೆಗೆದು ಅದನ್ನು ಮಹಲಿಂಗಪ್ಪನವರ ಕೈಗೆ ಕೊಟ್ಟು, ಟಾರ್ಕ್ ಎಂದರೆ ಬಲ, ದೂರ ಎಂದು ಪಾಠವನ್ನೂ ಒಪ್ಪಿಸಿದೆ. "ಕೆಲಸ ಮುಗಿಸಿ ತಂದ್ಕೊಡಿ" ಎಂದೆ.

ಬುಧವಾರ ಕಪಾಟು ಖಾಲಿ ಇರುವುದು ಗುರುಸಿದ್ದಪ್ಪನವರ ಕಣ್ಣಿಗೆ ಬಿತ್ತು. ಅವರು ಕೂಗಾಡುವವರಲ್ಲ. "ಏನವ್ವ, ದೇವ್ರ ಮನೆ ವಿಗ್ರಹ ಎತ್ತಿ ಸಾಲ ಕೊಟ್ಟಂಗಾಯ್ತಲ್ಲ" ಎಂದರು. "ಹೋಗಿ ನೀನೇ ತಗೊಂಡ್ ಬಾ. ನಾಳೆ ಬೆಳಗ್ಗೆ ಅದು ಇಲ್ಲಿರ್ಬೇಕು."

ಹೀಗೆ ನಾನು ಅವತ್ತೇ ಗುಬ್ಬಿಗೆ ಹೋದೆ. ಮನೆಯಲ್ಲಿ ಅಂಗಡಿಯ ಕೆಲಸ ಎಂದಷ್ಟೇ ಹೇಳಿದ್ದೆ. ಬೇರೆ ದಿನವಾಗಿದ್ದರೆ ಅಮ್ಮ ನೂರು ಪ್ರಶ್ನೆ ಕೇಳುತ್ತಿದ್ದಳು. ಆ ವಾರ ಅವಳ ಗಮನವೆಲ್ಲ ಬೇರೆ ಕಡೆಗಿತ್ತು. ಹಿಂದಿನ ಭಾನುವಾರ ಕುಣಿಗಲ್‌ನಿಂದ ನನ್ನನ್ನು ನೋಡಲು ಬಂದಿದ್ದರು. ಗಂಡು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಉಪ್ಪಿಟ್ಟು ತಿಂದು, ಒಂದೂ ಮಾತಾಡದೆ, ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕೂತಿದ್ದು ಎದ್ದುಹೋಗಿದ್ದರು. ಅವರ ಕಡೆಯ ಉತ್ತರಕ್ಕಾಗಿ ಅಮ್ಮ ಬಾಗಿಲು ಕಾಯುತ್ತಿದ್ದಳು. ನನ್ನನ್ನು ಕೇಳಿದರೆ ಹೂಂ ಎನ್ನಲೂ ಕಾರಣವಿರಲಿಲ್ಲ, ಊಹೂಂ ಎನ್ನಲೂ ಕಾರಣವಿರಲಿಲ್ಲ.

ಶೆಡ್ಡಿಗೆ ಹೋದಾಗ ಹನ್ನೆರಡು ಗಂಟೆ. ರೆಂಚು ಬಿಳಿ ಬಟ್ಟೆಯಲ್ಲಿ ಸುತ್ತಿದ ಹಾಗೇ ಇತ್ತು. ತಿಮ್ಮಯ್ಯ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಬೀಡಿ ಸೇದುತ್ತಿದ್ದ.

"ಇನ್ನೂ ಮಾಡಿಲ್ವಾ?" ಎಂದೆ.

"ಚೀಟಿ ಓದೋರು ಬೇಕಲ್ಲ ಮೇಡಂ" ಎಂದರು ಮಹಲಿಂಗಪ್ಪ. "ಅವತ್ತು ನೀವು ಓದಿದ್ದು ತಲೇಲಿ ನಿಂತೈತೆ ಅನ್ಕಂಡೆ. ಇಲ್ಲಿ ಬಂದು ನೋಡಿದ್ರೆ ಯಾವುದು ಒಂದು, ಯಾವುದು ಹದ್ನಾಕು, ಎಲ್ಲ ಕಲಸೋಯ್ತು. ಮೂರನೇ ಸಲ ತಪ್ಪಾದ್ರೆ ಶೆಡ್ ಬಾಗ್ಲು ಹಾಕ್ಬೇಕಾಯ್ತದೆ."

ತಿಮ್ಮಯ್ಯ ಹೊಗೆ ಬಿಡುತ್ತ, "ಏನ್ಲಾ ಮಾಲಿಂಗ, ಇಂಜಿನ್ ಕಟ್ಟಕ್ಕೂ ಟೀಚರಮ್ಮನ್ನ ಕರ್ಕಂಡ್ ಬಂದ್ಯಾ?" ಎಂದ. ಮಹಲಿಂಗಪ್ಪ ಒಳಗೆ ಹೋದರು. ಒಂದು ಮಣೆ ತಂದು ಒರೆಸಿ ನನಗೆ ಹಾಕಿದರು. ನಾನು ಕೂತೆ. ರೆಂಚು ತೆಗೆದುಕೊಂಡು ಒಂದು ಗಂಟೆಯ ಬಸ್ಸಿಗೆ ವಾಪಸಾಗಬೇಕಾದವಳು ಚೀಟಿ ಬಿಡಿಸಿ, ದೊಡ್ಡ ದನಿಯಲ್ಲಿ, ತರಗತಿಯಲ್ಲಿ ಪಾಠ ಓದುವ ಹಾಗೆ ಶುರುಮಾಡಿದೆ.

"ತೂತುಗಳು ಒಣಗಿರಬೇಕು."

"ಒಣಗವೆ."

"ನೋಡಿ ಹೇಳಿ."

ಅವರು ಒಂದು ಕಂಬಿಗೆ ಬಟ್ಟೆ ಸುತ್ತಿ ಒಂದೊಂದೇ ತೂತಿಗೆ ಇಳಿಸಿ ತೆಗೆದರು. ಒಂಬತ್ತನೆಯದರಿಂದ ಬಟ್ಟೆ ಒದ್ದೆಯಾಗಿ, ಕೆಂಪು ಕೆಸರು ಮೆತ್ತಿಕೊಂಡು ಬಂತು. ಮಹಲಿಂಗಪ್ಪ ಅದನ್ನು ಮೂಸಿ ನೋಡಿದರು. ತಿಮ್ಮಯ್ಯ ಬೀಡಿ ಎಸೆದು ಎದ್ದು ಬಂದ. ತಳದಲ್ಲಿ ನೀರು ನಿಂತಿದ್ದರಿಂದ ಬೋಲ್ಟು ಪೂರ್ತಿ ಇಳಿದೇ ಇರಲಿಲ್ಲ. ಕೈಗೆ ಬಿಗಿಯಾಗಿದೆ ಎನಿಸಿದರೂ ತಲೆಯನ್ನು ಒತ್ತಿ ಹಿಡಿದಿರಲಿಲ್ಲ. "ಇಲ್ಲೇ ಇತ್ತಲ್ಲ ಕಳ್ಳ" ಎಂದ ತಿಮ್ಮಯ್ಯ. ಮಹಲಿಂಗಪ್ಪ ನನ್ನ ಕಡೆ ನೋಡಿದರು. ನನಗೆ ಡಿಗ್ರಿ ಪಾಸಾದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಆ ತೂತು ಒಣಗಿಸಿ, ಗ್ಯಾಸ್ಕೆಟ್ ಹಾಸಿ, ಇಂಜಿನ್ನಿನ ತಲೆ ಕೂರಿಸಿದರು. ಆಮೇಲಿನ ಎರಡು ಗಂಟೆ ಹೇಗೆ ಹೋಯಿತೋ. ನಾನು ಅಂಕಿ ಕೂಗುವುದು, ಅವರು ಆ ಬೋಲ್ಟಿಗೆ ರೆಂಚು ಕೂರಿಸಿ ಎಳೆಯುವುದು, ಕಟ್ ಎಂಬ ಸದ್ದು. "ಎರಡು." ಕಟ್. "ಮೂರು." ಕಟ್. ನಡುವಿನಿಂದ ಹೊರಗೆ, ಆ ಕಡೆ, ಈ ಕಡೆ. ಮೂವತ್ತು ಮುಗಿದು ಅರವತ್ತು, ಅರವತ್ತು ಮುಗಿದು ತೊಂಬತ್ತು. ಮೂರನೆಯ ಸುತ್ತಿಗೆ ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಹದಿಮೂರು ಮುಗಿದ ಮೇಲೆ ಅವರು ರೆಂಚನ್ನು ನನ್ನ ಕಡೆ ಚಾಚಿದರು.

"ಕೊನೇದು ನೀವ್ ಮಾಡಿ."

"ನನಗೆ ಬರಲ್ಲ."

"ಟಾರ್ಕು ಅಂದ್ರೆ ಏನು ಅಂತ ಅವತ್ತು ಅಂಗಡೀಲಿ ಹೇಳಿದ್ರಲ್ಲ, ಬಲ, ದೂರ ಅಂತೆಲ್ಲ. ಒಂದ್ಸಲ ಕೈಯಲ್ಲಿ ನೋಡಿ."

ನಾನು ಸೆರಗು ಸಿಕ್ಕಿಸಿಕೊಂಡು ಎಳೆದೆ. ಅಲುಗಲಿಲ್ಲ. "ತೋಳಲ್ಲಿ ಅಲ್ಲ, ಮೈ ಭಾರ ಬುಡಿ. ಹಿಡಿ ತುದೀಲಿ ಹಿಡ್ಕಳಿ" ಎಂದರು. ಇನ್ನೊಮ್ಮೆ ಎಳೆದೆ. ಅಂಗೈ ಉರಿಯಿತು. ಆಮೇಲೆ ಒಳಗಿನಿಂದ ಏನೋ ಒಪ್ಪಿಕೊಂಡ ಹಾಗೆ ಕಟ್ ಎಂದಿತು. ಆ ಸದ್ದು ಕಿವಿಗಿಂತ ಮೊದಲು ಮೊಣಕೈಗೆ ಕೇಳಿಸಿತು. ಮೂರು ವರ್ಷ ಪುಸ್ತಕದಲ್ಲಿ ಓದಿದ್ದು ಆಗ ಅರ್ಥವಾಯಿತು ಎಂದರೆ ನನ್ನ ಪ್ರೊಫೆಸರು ನೊಂದುಕೊಳ್ಳುತ್ತಾರೆ.

ಇಂಜಿನ್ ಶುರುವಾಯಿತು. ಅರ್ಧ ಗಂಟೆ ಓಡಿಸಿದರು. ಎಲ್ಲೂ ನೀರು ಜಿನುಗಲಿಲ್ಲ. ತಿಮ್ಮಯ್ಯ ಈಗಲೇ ಟ್ರ್ಯಾಕ್ಟರು ಹೊಡೆದುಕೊಂಡು ಹೋಗುತ್ತೇನೆ ಎಂದು ನಿಂತ. ಮಹಲಿಂಗಪ್ಪ ಕೀ ತೆಗೆದು ಜೇಬಿಗೆ ಹಾಕಿಕೊಂಡರು. "ತಣ್ಣಗಾಗಿ ಇನ್ನೊಂದು ಸುತ್ತು ಬಿಗಿ ಮಾಡ್ಬೇಕು. ಚೀಟೀಲಿ ಬರ್ದೈತೆ. ನಾಳೆ ಬೆಳಿಗ್ಗೆ ಬಾ ತಿಮ್ಮಣ್ಣ." ಅವನು ಗೊಣಗುತ್ತ ಹೋದ.

"ತಣ್ಣಗಾಗಕ್ಕೆ ಎಷ್ಟೊತ್ತು ಬೇಕು?" ಎಂದೆ.

"ಈಗ ಮೂರು. ಏಳು ಗಂಟೆ ಆಗ್ತದೆ."

ನಾನು ಹಿಡಿಯಬೇಕಾದ ಬಸ್ಸು ಐದೂವರೆಗೆ. ರೆಂಚು ಅಲ್ಲಿಂದ ಕದಲುವಂತಿರಲಿಲ್ಲ. ನಾನು ಮಣೆಯ ಮೇಲೆ ಕೂತೆ. ಅವರು ಒಂದು ಟೈರಿನ ಮೇಲೆ ಕೂತರು. ಅವರ ಅಕ್ಕ ಪಕ್ಕದ ಮನೆಯಿಂದ ಎರಡು ತಟ್ಟೆ ಚಿತ್ರಾನ್ನ ತಂದಿಟ್ಟು, ನನ್ನನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿ, ನಕ್ಕು ಹೋದರು.

ಬಿಸಿ ಇಂಜಿನ್ನು ತಣ್ಣಗಾಗುವಾಗ ಸದ್ದು ಮಾಡುತ್ತದೆ. ಟಿಕ್, ಟಿಕ್ ಎಂದು, ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ. ಆ ಎರಡೂವರೆ ಗಂಟೆ ನಾವು ಮಾತಾಡಿದ್ದೆಲ್ಲ ಅದರ ನಡುವೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಮೂರು ಸಲ ಫೇಲಾದದ್ದನ್ನು ಅವರು ಹೇಳಿದರು. ಮೂರನೆಯ ಸಲ ರಿಸಲ್ಟ್ ನೋಡಲು ಹೋಗದೆ ಸೀದಾ ಗ್ಯಾರೇಜಿಗೆ ಹೋಗಿ ಸೇರಿಕೊಂಡರಂತೆ. "ಪಾಸಾಗಿದ್ನೋ ಏನೋ, ಇವತ್ತಿಗೂ ಗೊತ್ತಿಲ್ಲ" ಎಂದರು. ನಾನು ನಕ್ಕೆ, ಅವರೂ ನಕ್ಕರು. ನನಗೆ ಹಾವೆಂದರೆ ಹೆದರಿಕೆಯಿಲ್ಲ, ಪರೀಕ್ಷೆಯ ಗಂಟೆಯೆಂದರೆ ಹೆದರಿಕೆ ಎಂದೆ. ಯಾರಿಗೂ ಹೇಳದ ಮಾತುಗಳನ್ನು ಯಾಕೆ ಹೇಳಿದೆ? ಮಾಡಲು ಬೇರೆ ಕೆಲಸವೇ ಇರಲಿಲ್ಲ, ಅದಕ್ಕೆ ಇರಬೇಕು. ಇಬ್ಬರು ಸುಮ್ಮನೆ ಕೂತು ಒಂದು ವಸ್ತು ತಣ್ಣಗಾಗುವುದನ್ನು ಕಾಯುವಂಥ ಹೊತ್ತು ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ, ನೀವೇ ಹೇಳಿ.

ಐದು ಗಂಟೆಯ ಸುಮಾರಿಗೆ, ಯಾಕೆಂದು ತಿಳಿಯದೆ, ಕುಣಿಗಲ್‌ನವರು ನೋಡಿಕೊಂಡು ಹೋದದ್ದನ್ನು ಹೇಳಿದೆ. "ಈ ವಾರ ಉತ್ತರ ಹೇಳ್ತಾರಂತೆ" ಎಂದೆ.

ಮಹಲಿಂಗಪ್ಪ ಎದ್ದು ಹೋಗಿ ಇಂಜಿನ್ನಿನ ಮೇಲೆ ಅಂಗೈ ಇಟ್ಟರು. ತುಂಬ ಹೊತ್ತು ಹಾಗೇ ನಿಂತಿದ್ದರು.

"ಇನ್ನೂ ಬಿಸಿ ಐತೆ" ಎಂದರು.

ಆಮೇಲೆ ನನ್ನ ಕಡೆ ತಿರುಗದೆ, "ಇನ್ನು ಎರಡು ಗಂಟೆ. ಇದ್ರೆ ಮುಗ್ಸಿಬುಡಬೋದು. ನಾನೇ ತುಮಕೂರಿಗೆ ಬಿಟ್ಟು ಬರ್ತೀನಿ. ಅಕ್ಕನೂ ಬರ್ತಾಳೆ ಜೊತೇಲಿ" ಎಂದರು. ಅಂಗೈ ಒರೆಸಿಕೊಳ್ಳುತ್ತ, "ನಿಮ್ಗೆ ಒಂದು ಮಾತು ಕೇಳಣ ಅಂತಿದ್ದೆ. ಕೆಲ್ಸ ಮುಗೀಲಿ, ಆಮೇಲೆ ಕೇಳ್ತೀನಿ" ಎಂದರು.

ನನಗೆ ಮಾತು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿದರೆ ನೀವು ನಂಬಲೂ ಬಾರದು. ಅವರ ಜಾತಿ ಬೇರೆ, ನಮ್ಮದು ಬೇರೆ. ಅಪ್ಪನ ಮುಖ ಕಣ್ಣ ಮುಂದೆ ಬಂತು, ಬಾಗಿಲಲ್ಲಿ ನಿಂತ ಅಮ್ಮ ಬಂದಳು. ಇವೆಲ್ಲ ನಿಜ. ಆದರೆ ನಾನು ಎದ್ದದ್ದು ಇವಕ್ಕಲ್ಲ. ನಾನು ಇಪ್ಪತ್ತೆರಡು ವರ್ಷದ, ತುಂಬ ಓದಿದ, ತುಂಬ ಪುಕ್ಕಲ ಹುಡುಗಿ. ಆ ಮಾತನ್ನು ಕೇಳಿಬಿಟ್ಟರೆ ಉತ್ತರ ಕೊಡಬೇಕಾಗುತ್ತದೆ ಎಂದು ಹೆದರಿದೆ.

"ಬಸ್ಸಿಗೆ ಹೊತ್ತಾಯ್ತು" ಎಂದೆ.

ಅವರು ರೆಂಚನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. "ತಗೊಂಡ್ಹೋಗಿ. ಅಂಗಡಿ ಯಜಮಾನ್ರು ಬೈತಾರೆ."

"ಬೇಡ. ಕೊನೇ ಸುತ್ತು ಮಾಡಿ" ಎಂದೆ. ಮೂಲೆಯಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು, ತಗಡಿನ ಗೋಡೆಯ ಮೇಲೆ ಇಂಜಿನ್ನಿನ ತಲೆಯ ಚಿತ್ರ ಬರೆದೆ. ಹದಿನಾಲ್ಕು ಸೊನ್ನೆ, ಒಂದೊಂದರೊಳಗೂ ಕನ್ನಡದ ಅಂಕಿ. ಒಂಬತ್ತು ಸೊಟ್ಟಗಾಯಿತು. ಬಸ್ ಸ್ಟ್ಯಾಂಡಿನವರೆಗೆ ಅವರು ಬಂದರು. ಬಸ್ಸು ಹೊರಟಾಗ ನಾನು ಹಿಂತಿರುಗಿ ನೋಡಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಮನಸ್ಸಿನಲ್ಲಿ ಹಿಂತಿರುಗಿ ನೋಡಿದ್ದೇನೆ. ನೋಡದಿದ್ದದ್ದು ಹೇಗೆ ಕಾಣಬೇಕು? ಖಾಲಿ ರಸ್ತೆಯೇ ಕಾಣುತ್ತದೆ.

ಮಾರನೆಯ ದಿನ ರೆಂಚು ಮರೆತು ಬಂದೆ ಎಂದು ಗುರುಸಿದ್ದಪ್ಪನವರಿಗೆ ಹೇಳಿದೆ. "ತರಕ್ಕೇ ಅಂತ ಹೋದೋಳು ಅದನ್ನೇ ಮರ್ತು ಬಂದ್ಯಾ?" ಎಂದು ನನ್ನ ಮುಖ ನೋಡಿದರು. ಶನಿವಾರ ಕುಣಿಗಲ್‌ನಿಂದ ಒಪ್ಪಿಗೆಯ ಮಾತು ಹೊತ್ತು ಹಿರಿಯರು ಬಂದರು, ನಾನು ಅಂಗಡಿಗೆ ರಜೆ ಹಾಕಿದೆ. ಮಹಲಿಂಗಪ್ಪ ರೆಂಚು ಹಿಂತಿರುಗಿಸಲು ಬಂದದ್ದು ಅದೇ ಶನಿವಾರ. "ಮೇಡಂ ಇಲ್ವಾ?" ಎಂದರಂತೆ. ಗುರುಸಿದ್ದಪ್ಪನವರು ವಿಷಯ ಹೇಳಿದರಂತೆ. "ಒಳ್ಳೇದಾಯ್ತು" ಎಂದು ಹೇಳಿ ಹೋದರಂತೆ.

ಆ ಮೇಲೆ ನಾಲ್ಕು ವಾರ ಅವರು ಬರಲಿಲ್ಲ. ನಾನು ಆ ನಾಲ್ಕು ವಾರ ಒಂದು ಕೆಲಸ ಹಚ್ಚಿಕೊಂಡೆ. ಅಂಗಡಿಯಲ್ಲಿದ್ದ ಪೊಟ್ಟಣಗಳ ಚೀಟಿಗಳನ್ನೆಲ್ಲ ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಮದುವೆಗೆ ಸೀರೆ ಆರಿಸಲು ಬಾ ಎಂದು ಅಮ್ಮ ಕರೆದರೆ, ಪಿಸ್ಟನ್ ರಿಂಗಿನ ಚೀಟಿ ಅರ್ಧಕ್ಕೆ ನಿಂತಿದೆ ಎನ್ನುತ್ತಿದ್ದೆ.

ನಾನು ಕೆಲಸ ಬಿಡುವ ವಾರ ಅವರು ಬಂದರು. ಕೈ ತೊಳೆದುಕೊಂಡು ಬಂದರು. ನೋಟ್‌ಬುಕ್ಕನ್ನು ಕೌಂಟರಿನ ಮೇಲೆ ಇಟ್ಟೆ. ಅವರು ತೆರೆದು ಮೊದಲ ಸಾಲನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಮುಚ್ಚಿ ಶರ್ಟಿನೊಳಗೆ ಇಟ್ಟುಕೊಂಡರು.

"ತಿಮ್ಮಣ್ಣನ ಟ್ರ್ಯಾಕ್ಟರು?" ಎಂದೆ.

"ಓಡ್ತೈತೆ. ಒಂದು ತೊಟ್ಟು ನೀರಿಲ್ಲ" ಎಂದರು. ಆಮೇಲೆ, ಕೌಂಟರಿನ ಮೇಲೆ ಕೈಗಳನ್ನು ಮೊದಲ ಬಾರಿಗೆ ಕಾಣುವ ಹಾಗೆ ಇಟ್ಟು, ಹೇಳಿದರು: "ಅವತ್ತು ಏಳೂಕಾಲಕ್ಕೆ ತಣ್ಣಗಾಯ್ತು. ಕೊನೇ ಸುತ್ತು ಬಿಗಿ ಮಾಡ್ದೆ. ಹದ್ಮೂರು ಬೋಲ್ಟು ಅಷ್ಟಷ್ಟು ತಿರುಗಿದ್ವು. ನಿಮ್ದು ಒಂದು ಮಾತ್ರ ಕದಲ್ಲಿಲ್ಲ ಮೇಡಂ."

ಅದು ಸಾಧ್ಯವಿಲ್ಲ. ಬಿಸಿಯಾಗಿ ತಣ್ಣಗಾದ ಮೇಲೆ ಗ್ಯಾಸ್ಕೆಟ್ ಕುಗ್ಗುತ್ತದೆ, ಎಲ್ಲ ಬೋಲ್ಟುಗಳೂ ಸ್ವಲ್ಪ ಸಡಿಲವಾಗುತ್ತವೆ. ಅದಕ್ಕೇ ಕೊನೆಯ ಸುತ್ತು ಇರುವುದು. ಭೌತಶಾಸ್ತ್ರ ಓದಿದ ನನಗೆ ಅದು ಗೊತ್ತಿತ್ತು, ಇಂಜಿನ್ ಕಟ್ಟುವ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ನಂಬಿದೆ. ಇವತ್ತಿಗೂ ನಂಬುತ್ತೇನೆ.

ಮದುವೆಯಾಯಿತು. ಉಪ್ಪಿಟ್ಟು ತಿಂದು ಕ್ಯಾಲೆಂಡರ್ ನೋಡಿದ ಆ ಗುಮಾಸ್ತರೇ ನಮ್ಮ ಯಜಮಾನರು. ಅವರ ಬಗ್ಗೆ ದೂರಲು ನನಗೆ ಏನೂ ಇಲ್ಲ. ಮಾತು ಕಡಿಮೆ, ಅಷ್ಟೆ. ಕುಣಿಗಲ್‌ನಲ್ಲಿ ಹದಿನಾರು ವರ್ಷ ಇದ್ದು, ಅವರಿಗೆ ವರ್ಗವಾದ ಮೇಲೆ ಮರಳೂರಿನಲ್ಲಿ ಮನೆ ಕಟ್ಟಿದೆವು. ಗುಬ್ಬಿ ನಮ್ಮ ಮನೆಯಿಂದ ಎಷ್ಟು ದೂರ? ಅರ್ಧ ಗಂಟೆಯ ದಾರಿ. ಆ ಊರಿನ ಮೇಲೆ ಎಷ್ಟೋ ಸಲ ಹಾದು ಹೋಗಿದ್ದೇನೆ. ಪ್ರತಿ ಸಲವೂ ಬಸ್ ಸ್ಟ್ಯಾಂಡ್ ಬರುವ ಹೊತ್ತಿಗೆ ಕೈಚೀಲದಲ್ಲಿ ಏನಾದರೂ ಹುಡುಕುವ ಕೆಲಸ ಬಂದಿರುತ್ತದೆ.

ಕಾರು ರಿಪೇರಿಯಾಗಿ ಬಂದ ದಿನ ಮೆಕ್ಯಾನಿಕ್ ಹೇಳಿದ, "ಒಂದು ನಲವತ್ತು ಕಿಲೋಮೀಟ್ರು ಓಡ್ಸಿ ನೀರು ಚೆಕ್ ಮಾಡ್ಕಳಿ ಸಾರ್." ಯಜಮಾನರು ಸ್ಟೇರಿಂಗ್ ಹಿಡಿದು, "ಯಾವ ಕಡೆ ಹೋಗೋಣ?" ಎಂದರು.

"ಗುಬ್ಬಿ ಕಡೆ" ಎಂದೆ.

ತುಮಕೂರು ದಾಟಿದ ಮೇಲೆ ಹೇಳತೊಡಗಿದೆ. ಈಗ ನಿಮಗೆ ಹೇಳಿದೆನಲ್ಲ, ಎಲ್ಲವನ್ನೂ, ಚಿತ್ರಾನ್ನದವರೆಗೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು: "ಕಾದಿದ್ರೆ ಏನನ್ತಿದ್ದೆ?"

"ಗೊತ್ತಿಲ್ಲ" ಎಂದೆ. "ನಿಜವಾಗ್ಲೂ ಗೊತ್ತಿಲ್ಲ. ಅದು ಗೊತ್ತಾಗಿಬಿಟ್ಟಿದ್ರೆ ಇಷ್ಟು ನೆನಪಾಗ್ತಿರ್ಲಿಲ್ವೇನೋ."

ಬಸ್ ಸ್ಟ್ಯಾಂಡಿನ ಹಿಂದೆ ಶೆಡ್ಡು ಇರಲಿಲ್ಲ. 'ಟೈಲ್ಸ್' ಎಂದು ದೊಡ್ಡ ಬೋರ್ಡು ಹಾಕಿದ ಎರಡಂತಸ್ತಿನ ಅಂಗಡಿ ನಿಂತಿತ್ತು. ನಾನು ನೋಡುತ್ತಲೇ ನಿಂತೆ. ಎದುರಿನ ಟೀ ಅಂಗಡಿಯ ಹೆಂಗಸನ್ನು ಕೇಳಿದವರು ಯಜಮಾನರೇ.

"ಮಾಲಿಂಗಣ್ಣನಾ? ಶೆಡ್ ಬುಟ್ಟು ಬಾಳ ವರ್ಸ ಆಯ್ತಲ್ಲ" ಎಂದಳು. "ತಿಪಟೂರಲ್ಲವ್ರೆ, ಮಗಳ ಮನೆ ತಾವ. ಚೆನ್ನಾಗವ್ರೆ. ಮಂಡಿ ನೋವು ಅಷ್ಟೆಯಾ. ನೀವೇನಾಗ್ಬೇಕು?"

ನಾನು ಏನಾಗಬೇಕು? ಯಜಮಾನರು ನನ್ನನ್ನು ನೋಡಿದರು. "ಪರಿಚಯ" ಎಂದೆ.

"ನಂಬರ್ ಕೊಡ್ಲಾ?"

ಬೇಡ ಎನ್ನುವಷ್ಟರಲ್ಲಿ ಯಜಮಾನರು ಫೋನ್ ತೆಗೆದಿದ್ದರು. ಅವಳು ಹೇಳಿದ ಒಂದೊಂದೇ ಅಂಕಿಯನ್ನು ಒತ್ತಿ, ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ, "ಏನಂತ ಸೇವ್ ಮಾಡ್ಲಿ?" ಎಂದರು.

ನನಗೆ ನಗು ಬಂತೋ ಅಳು ಬಂತೋ. "ಮಹಲಿಂಗಪ್ಪ ಅಂತ ಮಾಡಿ. ಪೂರ್ತಿ ಹೆಸ್ರು" ಎಂದೆ.

ಮಾಡಿದರು. ಆ ನಂಬರಿಗೆ ನಾನು ಇನ್ನೂ ಫೋನ್ ಮಾಡಿಲ್ಲ. ಮಾಡುತ್ತೇನೆ ಎಂದು ಒಂದು ದಿನ ಅನಿಸುತ್ತದೆ, ಇನ್ನೊಂದು ದಿನ ಅನಿಸುವುದಿಲ್ಲ. ಅಲ್ಲಿ ಒಬ್ಬರು ಚೆನ್ನಾಗಿದ್ದಾರೆ, ಮಂಡಿ ನೋವು ಅಷ್ಟೇ. ಈಗ ದೀಪ ಆರಿಸಿ ಮಲಗುವಾಗ ನೆನಪಾಗುವುದು ಆ ಹುಡುಗನಲ್ಲ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ ಒಬ್ಬ ಹಿರಿಯರು. ಹಂಬಲ ಹೋಯಿತೆಂದಲ್ಲ, ಅದಕ್ಕೂ ನನ್ನಷ್ಟೇ ವಯಸ್ಸಾಯಿತು.

ಅವತ್ತು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಯಜಮಾನರು ಲೋಟದ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತ ಸುಮ್ಮನಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮೌನಕ್ಕೆ ನಾನು ಒಗ್ಗಿಹೋಗಿದ್ದೆ. ಅದರೊಳಗೆ ಏನೂ ಇಲ್ಲ ಎಂದೇ ತಿಳಿದಿದ್ದೆ.

"ಮದುವೆಗೆ ಮುಂಚೆ ಕುಣಿಗಲ್ ಆಫೀಸಲ್ಲಿ ಒಬ್ರು ಟೈಪಿಸ್ಟ್ ಇದ್ರು" ಎಂದರು.

ನಾನು ಲೋಟ ಕೆಳಗಿಟ್ಟೆ. ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಈ ವಯಸ್ಸಿನಲ್ಲಿ, ಈ ಬೆಂಚಿನ ಮೇಲೆ, ಇಂಥ ಹೊಟ್ಟೆಕಿಚ್ಚು! ನನಗೆ ನನ್ನ ಮೇಲೇ ನಗು ಬಂತು. ಅವರು ಮುಂದೆ ಹೇಳಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು.

ಟೀ ಅಂಗಡಿಯವಳಿಗೆ ಇನ್ನೆರಡು ಲೋಟ ಹಾಕಲು ಹೇಳಿ, ನಾನು ಬೆಂಚಿನ ಮೇಲೆ ಅವರ ಕಡೆ ಸರಿದು ಕೂತೆ.

"ಹೇಳಿ" ಎಂದೆ.